ಬರ್ತೇನೆ ಎಂದು ಹೋದವನು

ಕುವೈಟಿನಲ್ಲಿ ಎಂಥ ಚಳಿ ಎಂದು ಊರಿನವರು ನಗುತ್ತಾರೆ. ಅವರು ಕೇಳಿರುವುದು ಅಲ್ಲಿನ ಬಿಸಿಲಿನ ಕತೆ ಮಾತ್ರ. ಜನವರಿಯಲ್ಲಿ ಮರುಭೂಮಿಯ ಕಡೆಯಿಂದ ಗಾಳಿ ಎದ್ದರೆ ಸಿಮೆಂಟಿನ ಗೋಡೆ ಮುಟ್ಟಲಾಗದಷ್ಟು ತಣ್ಣಗಾಗುತ್ತದೆ. ಗಟ್ಟಿಮುಟ್ಟಾದವರು ಓಡಾಡಿ ಬೆಚ್ಚಗಾಗಬಹುದು. ಮಲಗಿದಲ್ಲೇ ಇರುವವರಿಗೆ ಆ ದಾರಿ ಇಲ್ಲ.

ನನ್ನ ಗಂಡ ಮಲಗಿದಲ್ಲೇ ಇದ್ದರು. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್ ಆಗಿದ್ದವರು. ಪಾರ್ಶ್ವವಾಯು ಬಡಿದು ಬಲಗೈ ಬಲಗಾಲು ಹೋಗಿತ್ತು, ಮಾತು ಒಂದೊಂದೇ ಶಬ್ದಕ್ಕೆ ಇಳಿದಿತ್ತು. ಎದೆಯಲ್ಲಿ ಕಫ ಕಟ್ಟಿದರೆ ತಾವಾಗಿ ಕೆಮ್ಮಿ ತೆಗೆಯುವ ಶಕ್ತಿ ಅವರಿಗಿರಲಿಲ್ಲ. ಇರಾಕಿನ ಸೈನ್ಯ ಒಳಗೆ ಬಂದ ಮೇಲೆ ನಮ್ಮ ಕಡೆಯವರೆಲ್ಲ ಬಸ್ಸು ಹತ್ತಿ, ಮರುಭೂಮಿ ದಾಟಿ, ಜೋರ್ಡಾನಿನಿಂದ ವಿಮಾನದಲ್ಲಿ ಊರಿಗೆ ಹೋದರು. ಆ ಬಸ್ಸಿನಲ್ಲಿ ಇವರನ್ನು ಕೂರಿಸುವಂತಿರಲಿಲ್ಲ. ನಾವು ಉಳಿದೆವು.

ನಾನು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿ ದುಡಿದು ನಿವೃತ್ತಳಾದವಳು. ಆಪತ್ತು ಬಂದ ಮೇಲೆ ಹುಡುಕಾಡುವುದು ನನಗೆ ಆಗದು. ಕರೆಂಟು ಹೋದರೆ ನಾಲ್ಕನೇ ಮಹಡಿಗೆ ಲಿಫ್ಟೂ ಇಲ್ಲ, ನೀರೂ ಏರುವುದಿಲ್ಲ. ಆದ್ದರಿಂದ ಬಾತ್‌ಟಬ್ಬಿನಲ್ಲಿ ನೀರು ತುಂಬಿಸಿ ಹಲಗೆ ಮುಚ್ಚಿದೆ. ಒಂದು ಸೀಮೆಎಣ್ಣೆ ಹೀಟರ್, ಅದಕ್ಕೆ ಬೇಕಾದಷ್ಟು ಎಣ್ಣೆಯ ಕ್ಯಾನುಗಳು, ಉಣ್ಣೆಯ ಕಂಬಳಿ, ಬಿಸಿನೀರಿನ ರಬ್ಬರ್ ಚೀಲ, ಟಾರ್ಚು, ಹಾಲಿನ ಪುಡಿ, ಎಲ್ಲವನ್ನೂ ಅವರ ಮಂಚದಿಂದ ಕಾಣುವ ಹಾಗೆ ಜೋಡಿಸಿಟ್ಟೆ. ಅವರು ಕಣ್ಣಲ್ಲೇ ಲೆಕ್ಕ ಹಾಕಿ, "ಸಾಕು" ಎಂದರು.

ಎದುರು ಮನೆಯಲ್ಲಿ ನಮ್ಮ ಕರಾವಳಿಯವನೇ ಒಬ್ಬನಿದ್ದ. ಕುವೈಟ್ ನಗರದ ಮಿರ್ಕಾಬ್ ಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಹೆಂಡತಿ ಮಕ್ಕಳು ಮೊದಲೇ ಊರಿಗೆ ಹೋಗಿದ್ದರು. ಅವನ ಮನೆಮಾತು ತುಳು, ನಮ್ಮದು ಕೊಂಕಣಿ, ನಡುವೆ ಕನ್ನಡ. ನನ್ನನ್ನು ಅಕ್ಕ ಎನ್ನುತ್ತಿದ್ದ, ಇವರನ್ನು ಬಾವ. ಮಧ್ಯಾಹ್ನದ ಊಟ ನಮ್ಮಲ್ಲೇ. ಇವರನ್ನು ಸ್ನಾನಕ್ಕೆ ಎತ್ತಿ ಕೂರಿಸುತ್ತಿದ್ದವನೂ ಅವನೇ. ಮಗುವನ್ನು ಎತ್ತಿದ ಹಾಗೆ ಎತ್ತುತ್ತಿದ್ದ, ಇವರಿಗೆ ನಾಚಿಕೆಯಾಗದಂತೆ ಏನಾದರೂ ಹರಟುತ್ತಿದ್ದ.

ಚಳಿಗಾಲದಲ್ಲಿ ಇರಾಕಿನವರನ್ನು ಓಡಿಸಲು ಅಮೆರಿಕದ ಬಾಂಬು ಬೀಳತೊಡಗಿದ ಮೇಲೆ ಒಂದು ಬೆಳಿಗ್ಗೆ ಅವನು ಹೊಸ ಸುದ್ದಿ ತಂದ. ಅವನ ಇಕಾಮಾಕ್ಕೆ, ಅಂದರೆ ವಾಸದ ಪರವಾನಗಿಗೆ, ಜವಾಬ್ದಾರನಾದ ಕುವೈಟಿ, ಅವನ ಕಫೀಲ್, ನಗರದಾಚೆಯ ಜಹ್ರಾದಲ್ಲಿದ್ದ. ಅಲ್ಲಿ ನೆಲಮಾಳಿಗೆ ಇದೆ, ಜನರೇಟರ್ ಇದೆ, ನಿಮ್ಮಿಬ್ಬರಿಗೂ ಜಾಗ ಕೇಳಿದ್ದೇನೆ ಎಂದ. ಅವನ ಕಾರು ಚಿಕ್ಕದು, ಇವರನ್ನು ಮಲಗಿಸಿ ಕರೆದೊಯ್ಯಬೇಕಾದರೆ ಹಿಂದಿನ ಸೀಟು ಪೂರ್ತಿ ಬೇಕು. ಹಾಗಾಗಿ ಸಾಮಾನು ಮೊದಲ ಸಲ, ನಾವು ಎರಡನೇ ಸಲ.

"ಬಾವ, ಅಲ್ಲಿ ದಿನಾ ಬಿಸಿನೀರಿನ ಸ್ನಾನ. ಅಕ್ಕನ ಬೈಗುಳ ಒಂದು ಮಾತ್ರ ಇಲ್ಲಿಂದ ಕಟ್ಟಿಕೊಂಡು ಹೋಗ್ಬೇಕು" ಎಂದ. ಇವರು ನಕ್ಕರು.

ಹೀಟರ್, ಎಣ್ಣೆ, ಕಂಬಳಿಗಳ ಕಟ್ಟು, ಹಾಲಿನ ಪುಡಿ, ಎಲ್ಲವನ್ನೂ ಲಿಫ್ಟಿನಲ್ಲಿ ಇಳಿಸಿದ. ಕೊನೆಗೆ ಬಾಗಿಲಲ್ಲಿ ನಿಂತು, "ಬರ್ತೇನೆ ಅಕ್ಕ" ಎಂದ.

"ಬಾ" ಎಂದೆ.

ಇವರಿಗೆ ಸ್ವೆಟರ್, ಎರಡೆರಡು ಕಾಲುಚೀಲ, ಕಿವಿ ಮುಚ್ಚುವ ಟೊಪ್ಪಿ ಹಾಕಿ ಗಾಲಿಕುರ್ಚಿಯಲ್ಲಿ ಕೂರಿಸಿ, ಬಾಗಿಲು ಅರ್ಧ ತೆರೆದಿಟ್ಟೆ. ಸಂಜೆಯಾಯಿತು. ಚೆಕ್‌ಪೋಸ್ಟಿನಲ್ಲಿ ತಡೆದಿರಬೇಕು ಎಂದೆ. ಮರುದಿನ ಮತ್ತೆ ಹಾಗೆಯೇ ಸಿದ್ಧ ಮಾಡಿ ಕೂರಿಸಿದೆ. "ಬರುದಿಲ್ಲ" ಎಂದರು. ಅಪಶಕುನ ನುಡಿಯಬೇಡಿ ಎಂದು ಗದರಿದೆ.

ಅದೇ ವಾರ ಕರೆಂಟು ಹೋಯಿತು. ಮೊದಲು ನಿಂತದ್ದು ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ಆಮೇಲೆ ನಲ್ಲಿಯ ನೀರು. ಇರಾಕಿನವರು ಬೆಂಕಿಯಿಟ್ಟ ಎಣ್ಣೆಬಾವಿಗಳ ಹೊಗೆ ಮುಸುಕಿ ಹಗಲೇ ಕತ್ತಲಾಯಿತು. ಮಳೆ ಬಂದರೆ ಕಿಟಕಿಯ ಮೇಲೆ ಕಪ್ಪು ಗೆರೆಗಳು ಇಳಿಯುತ್ತಿದ್ದವು. ಇಡೀ ಕಟ್ಟಡದಲ್ಲಿ ನಾವಿಬ್ಬರೇ. ನಾನು ಕೂಗಿದರೆ ನನಗೇ ಕೇಳಬೇಕು.

ಉಳಿದದ್ದು ಬಾತ್‌ಟಬ್ಬಿನ ನೀರು ಮತ್ತು ಅಡುಗೆಮನೆಯ ಅರೆಖಾಲಿ ಗ್ಯಾಸ್ ಸಿಲಿಂಡರ್. ಮಂಚವನ್ನು ಕಿಟಕಿಯಿಲ್ಲದ ನಡುಮನೆಗೆ ಎಳೆದೆ, ಬಾಗಿಲ ಸಂದಿಗೆ ಬಟ್ಟೆ ತುರುಕಿದೆ. ಒಳಗೆ ಬೆಂಕಿ ಹಾಕಬಾರದು, ಹೊಗೆ ಚಳಿಗಿಂತ ಮೊದಲು ಕೊಲ್ಲುತ್ತದೆ. ಗ್ಯಾಸಿನಲ್ಲಿ ನೀರು ಕಾಯಿಸಿ ಷರಬತ್ತಿನ ಬಾಟಲಿಗಳಿಗೆ ತುಂಬಿಸಿ, ಬಟ್ಟೆ ಸುತ್ತಿ ಅವರ ಕಂಕುಳಿಗೂ ಕಾಲಿಗೂ ಇಟ್ಟೆ. ರಬ್ಬರ್ ಚೀಲ ಇದ್ದದ್ದು ಜಹ್ರಾದಲ್ಲಿ. ಸ್ವೆಟರಿನ ಒಳಗೆ ಹಳೇ ಪತ್ರಿಕೆಗಳನ್ನು ಹರಡಿದೆ, ಹಾಸಿಗೆಯಿಂದ ಪರದೆಯವರೆಗೆ ಇದ್ದದ್ದನ್ನೆಲ್ಲ ಹೊದಿಸಿದೆ. ಮಗ್ಗುಲು ಬದಲಿಸುವುದು, ಬೆನ್ನು ತಟ್ಟುವುದು, ಚಮಚದಲ್ಲಿ ಬಿಸಿನೀರು ಕುಡಿಸುವುದು. ವಾರ್ಡಿನಲ್ಲಿ ಮಾಡಿದ್ದನ್ನೇ ಮಾಡಿದೆ. ವಾರ್ಡಿನಲ್ಲಾದರೆ ಪಾಳಿ ಬದಲಾಗುತ್ತಿತ್ತು.

ಕೈ ಕೆಲಸದಲ್ಲಿದ್ದರೂ ಮನಸ್ಸು ಹೀಟರಿನ ಬಳಿಯೇ ಇತ್ತು. ಅದರ ಸುತ್ತ ಯಾರು ಕೂತಿದ್ದಾರೆ, ನಮ್ಮ ಕಂಬಳಿ ಯಾರ ಹೆಗಲ ಮೇಲಿದೆ. ಶತ್ರು ಕರೆಂಟು ಕಡಿದ, ಅದು ಶತ್ರುವಿನ ಕೆಲಸ. ನನ್ನ ಅನ್ನ ಉಂಡವನು ಮಾಡಿದ್ದು ಯಾವ ಕೆಲಸ?

ಅವರ ಎದೆಯಲ್ಲಿ ಮೊದಲು ಗೊರಗೊರ ಶುರುವಾಯಿತು, ಆಮೇಲೆ ಜ್ವರ. ಯುದ್ಧ ಮುಗಿಯಿತೆಂದು ಬೀದಿಯಲ್ಲಿ ಕಾರಿನ ಹಾರನ್‌ಗಳು ಮೊಳಗುವಾಗ ನಾನು ಅವರ ಉಗುರಿನ ಬಣ್ಣ ನೋಡುತ್ತಾ ಕೂತಿದ್ದೆ. ಉಗುರು ನೀಲಿಯಾಗುತ್ತಿತ್ತು. ನಾನು ದುಡಿದ ಆಸ್ಪತ್ರೆ, ಯುದ್ಧದಲ್ಲೂ ಮುಚ್ಚುವುದಿಲ್ಲವೆಂದು ಗೊತ್ತು. ಆದರೆ ಲಿಫ್ಟ್ ಸತ್ತಿತ್ತು, ಅವರನ್ನು ಹೊತ್ತು ಇಳಿಯುವ ಬಲ ನನಗಿರಲಿಲ್ಲ, ಜನ ಕರೆಯಲು ಬಿಟ್ಟು ಇಳಿದರೆ ಅಷ್ಟರಲ್ಲಿ ಕಫ ಉಸಿರು ಕಟ್ಟಿಸುತ್ತಿತ್ತು.

ಆಗ ಯಾರೋ ಬಾಗಿಲು ಬಡಿದರು. ಅವನು. ಕೈಯಲ್ಲಿ ಕುಬ್ಬೂಸ್ ರೊಟ್ಟಿಯ ಕಟ್ಟು, ಇನ್ನೇನಿಲ್ಲ. ಹೀಟರ್ ಕಫೀಲನ ತಾಯಿಯ ಕೋಣೆಯಲ್ಲಿದೆಯಂತೆ. ಎಣ್ಣೆ ಮುಗಿಯಿತಂತೆ. ಅವನು ಅಲ್ಲಿಗೆ ತಲುಪಿದ ಕೂಡಲೇ ಕಫೀಲ್, ಕಾಯಿಲೆಯವರನ್ನು ತರಬೇಡ ಎಂದನಂತೆ. ಮತ್ತೆ ಈ ಕಡೆ ಬರಲು ಹೆದರಿಕೆಯಾಯಿತಂತೆ.

"ಹೆದರಿಕೆ ಸರಿ. ನೀನು ಬರ್ತೇನೆ ಅಂದಿದ್ದೆ" ಎಂದೆ.

ಅವನು ನಿಜವಾಗಿಯೂ ಅರ್ಥವಾಗದವನಂತೆ ನನ್ನ ಮುಖ ನೋಡಿದ. "ಅಕ್ಕ, ಹೊರಡುವಾಗ ಮತ್ತೆಂತ ಹೇಳುದು? ಹೋಗ್ತೇನೆ ಅಂತ ಹೇಳ್ಲಿಕ್ಕುಂಟಾ?"

ಹೇಳಲಿಕ್ಕಿಲ್ಲ, ನಿಜ. ನಮ್ಮ ಕೊಂಕಣಿಯಲ್ಲೂ ಇಲ್ಲ, ಅವನ ತುಳುವಿನಲ್ಲೂ ಇಲ್ಲ. ಹೊರಡುವವನು ಹೋಗುತ್ತೇನೆ ಅನ್ನಬಾರದು, ಅದು ಸಾವಿನ ಮಾತು. ಊರಿನ ಮರ್ಯಾದೆಯ ಈ ಒಂದು ಶಬ್ದದ ಹಿಂದೆ ಅವನು ಅಡಗಿ ನಿಂತಿದ್ದ. ಅವತ್ತು ಬಾಗಿಲಲ್ಲೇ ಇದು ಬರಿಯ ವಾಡಿಕೆಯ ಮಾತು ಎಂದು ಅವನಿಗೆ ಗೊತ್ತಿತ್ತೋ, ದಾರಿಯಲ್ಲಿ ಹಾಗಾಯಿತೋ, ನಾನು ಕೇಳಲಿಲ್ಲ. ಕೇಳಿ ಹಟ ಸಾಧಿಸುವಷ್ಟು ಉಸಿರು ಮಂಚದ ಮೇಲಿದ್ದವರಿಗೆ ಉಳಿದಿರಲಿಲ್ಲ.

"ಹೊತ್ತುಕೋ" ಎಂದೆ.

ಅವನು ಮಂಚಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ. ಇವರ ಎಡಗೈಯನ್ನು ಅವನ ಕೊರಳಿಗೆ ಹಾಕಿ, ಬಿದ್ದುಹೋದ ಬಲಗೈಯನ್ನು ನನ್ನ ಶಾಲಿನಿಂದ ಅವನ ಎದೆಗೆ ಬಿಗಿದೆ. ಮೆಟ್ಟಿಲಿಳಿಯುವಾಗ ಅವನು ಏದುಸಿರು ಬಿಡುತ್ತಾ, "ಬಾವ, ಗಟ್ಟಿ ಹಿಡ್ಕೊಳ್ಳಿ" ಎಂದ. ಇವರು ಅವನ ಭುಜಕ್ಕೆ ಕೆನ್ನೆ ಇಟ್ಟು ಕಣ್ಣು ಮುಚ್ಚಿದ್ದರು. ಅಷ್ಟು ದಿನ ನಾನು ಏನೆಲ್ಲ ಹೊದಿಸಿದರೂ ಸಿಗದ ಶಾಖ ಅವನ ಬೆನ್ನಿನಲ್ಲಿ ಸಿಕ್ಕಿತ್ತು. ಅದನ್ನು ನೋಡಿಯೂ ನನಗೆ ಸಿಟ್ಟೇ ಬಂತು.

ಅವನ ಕಾರಿನಲ್ಲೇ ಆಸ್ಪತ್ರೆ ಮುಟ್ಟಿದೆವು. ಅಲ್ಲಿ ಆಕ್ಸಿಜನ್ ಹಾಕಿದರು, ಕಫ ತೆಗೆದರು. ರಾತ್ರಿ ದಾಟಿದರೆ ಬದುಕುತ್ತಾರೆ ಎಂದರು. ದಾಟಿದರು, ಒಂದು ಶ್ವಾಸಕೋಶ ಮಾತ್ರ ಮತ್ತೆ ಸರಿಹೋಗಲಿಲ್ಲ. ಅವನು ಬೆಳಗಿನವರೆಗೂ ಕಾರಿಡಾರಿನಲ್ಲಿ ನಿಂತಿದ್ದ. ಪಾಳಿ ಬದಲಾದಾಗ ಬಂದ ಮಲಯಾಳಿ ನರ್ಸ್ ಅವನನ್ನು ತೋರಿಸಿ, ನಿಮ್ಮ ತಮ್ಮನೋ ಎಂದು ಕೇಳಿದಳು.

"ಅಲ್ಲ. ಎದುರು ಮನೆಯಲ್ಲಿ ಇದ್ದವರು" ಎಂದೆ, ಅವನಿಗೂ ಕೇಳುವಷ್ಟು ಗಟ್ಟಿಯಾಗಿ.