ಡ್ಯಾಕ್ ಡಬ್ಬಿಯೊಳಗಿನ ಹೊಗೆಸೊಪ್ಪು

ಕಳೆದ ವಾರ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಒಂದು ಚಿಕ್ಕ ರಟ್ಟಿನ ಡಬ್ಬಿ ಚಾಚಿದರು.

"ಇದು ಪೇಪರ್ ಸಾರ್‌ಗೇ ಸೇರ್ಬೇಕು ಅಂದಿದ್ರು ಕಣ್ರೀ ನಮ್ಮನೆಯೋರು. ತಿಥಿ ಮುಗೀಲಿ ಅಂತ ಮಡಗಿದ್ದೆ."

ಮುಚ್ಚಳ ತೆಗೆಯುವ ಮೊದಲೇ ಕಾವಿನಲ್ಲಿ ಹದವಾಗಿ ಒಣಗಿದ ಹೊಗೆಸೊಪ್ಪಿನ ವಾಸನೆ ಮೂಗಿಗೆ ಬಂತು. ಬೆಲ್ಲದಂಥದ್ದು, ಒಣಹುಲ್ಲಿನಂಥದ್ದು, ಕೊನೆಗೆ ಒಂದಿಷ್ಟು ಖಾರ... ಹದಿನಾಲ್ಕು ವರ್ಷ ಆ ವಾಸನೆ ನಮ್ಮ ಕಾಂಪೌಂಡಿನ ಆಚೆ ಓಡಾಡಿಕೊಂಡಿತ್ತು.

ನಾನು ಹುಣಸೂರಿನಿಂದ ಪತ್ರಿಕೆಯೊಂದಕ್ಕೆ ವರದಿ ಮಾಡುವವನು. ಪುರವಣಿಗೆ ವಾರಕ್ಕೊಮ್ಮೆ ಎಲೆಕ್ಟ್ರಾನಿಕ್ ಸಾಮಾನುಗಳ ಬಗ್ಗೆ ಅರ್ಧ ಕಾಲಂ ಬರೆಯುತ್ತಿದ್ದೆ. ಹಾಗಾಗಿ ನಮ್ಮ ಬೀದಿಯಲ್ಲಿ ಹೆಡ್‌ಫೋನು, ಸ್ಪೀಕರುಗಳ ಬಗ್ಗೆ ಕೇಳಬೇಕಾದರೆ ನನ್ನನ್ನೇ ಕೇಳುತ್ತಿದ್ದರು. ಪಕ್ಕದ ಮನೆಯ ಯಜಮಾನರು ಹೊಗೆಸೊಪ್ಪಿನ ಗುಣ ನೋಡುವವರು. ಗಾವಡಗೆರೆಯಿಂದ ಪಿರಿಯಾಪಟ್ಟಣದವರೆಗೆ ರೈತರು ಹರಾಜಿಗೆ ಹೊರಡುವ ಮುಂಚೆ ಸೊಪ್ಪು ಒತ್ತಿ ಕಟ್ಟಿದ ತಮ್ಮ ಬೇಲ್‌ಗಳನ್ನು ತೋರಿಸಲು ಅವರನ್ನು ಕರೆಯುತ್ತಿದ್ದರು. ಕೆಲವರು ಮೇಲೆ ಹೊಂಬಣ್ಣದ ಎಲೆ ಜೋಡಿಸಿ ನಡುವೆ ಕಳಪೆ ಕರಿಸೊಪ್ಪು ತುರುಕಿರುತ್ತಿದ್ದರು. ಯಜಮಾನರು ಬೈಯುತ್ತಿರಲಿಲ್ಲ. ನಾಲ್ಕು ಜನರ ಮುಂದೆ ಆಡಿಯೂ ತೋರಿಸುತ್ತಿರಲಿಲ್ಲ. ಮೊಣಕೈವರೆಗೆ ಕೈ ಇಳಿಸಿ, ನಡುವಿನಿಂದ ಒಂದು ಕರಿ ಎಲೆ ಎಳೆದು, ಬೇಲ್ ಮೇಲಿಟ್ಟು, ಟೀ ಕುಡಿಯಲು ಎದ್ದು ಹೋಗುತ್ತಿದ್ದರು. ಅವರು ವಾಪಸು ಬರುವಷ್ಟರಲ್ಲಿ ಆ ರೈತರು ತಾವೇ ಅದನ್ನು ಬಿಚ್ಚಿ ಮತ್ತೆ ವಿಂಗಡಿಸಲು ಕೂತಿರುತ್ತಿದ್ದರು. ವರದಿಗೆಂದು ಜೊತೆಗೆ ಹೋದಾಗ ಇದನ್ನು ಎರಡು ಸಲ ಕಣ್ಣಾರೆ ಕಂಡಿದ್ದೆ.

ಎರಡು ವರ್ಷದ ಹಿಂದೆ ಮೈಸೂರಿನ ಡಾಕ್ಟರು ಅವರಿಗೆ ಬಲಗಿವಿ ಹೋಗಿದೆ, ಎಡಗಿವಿಯೂ ಹೆಚ್ಚು ದಿನ ಇರುವುದಿಲ್ಲ ಎಂದರು. ಅದೇ ವಾರ ಯಜಮಾನರು ಒಂದು ಪೆನ್‌ಡ್ರೈವ್ ಹಿಡಿದು ನಮ್ಮ ಮನೆಗೆ ಬಂದರು. ತೀರಿಕೊಂಡ ಅವರ ಅಣ್ಣ ಹನಗೋಡಿನಲ್ಲಿ ಹಾಡಿದ್ದ ತತ್ವಪದಗಳು ಅದರಲ್ಲಿದ್ದವು, ಹಳೇ ಕ್ಯಾಸೆಟ್‌ನಿಂದ ಇಳಿಸಿದ್ದು. ತಾಳ ಹಾಕಿದ್ದವರು ಇವರೇ.

"ಮನೆ ಕಂಪ್ಯೂಟ್ರಿಗೆ ಎಡ್‌ಫೋನ್ ಚುಚ್ಚಿದ್ರೆ ಬರೀ ಗುಂಯ್ ಅಂತದೆ ಪೇಪರ್ ಸಾರ್. ಕಿವಿ ಇರೋಗಂಟ ನಮ್ಮಣ್ಣನ್ನ ಸರ್ಯಾಗಿ ಕೇಳ್ಬೇಕು. ಅದೇನೋ ಡಬ್ಬಿ ಬಗ್ಗೆ ಬರ್ದಿದ್ರಲ್ಲ, ಕಮ್ಮೀದು ಯಾವ್ದಾದ್ರೂ ಆರಿಸ್ಕೊಡಿ."

ಅವರು ಕೇಳಿದ ಡಬ್ಬಿಯೇ ಡ್ಯಾಕ್. ಕಂಪ್ಯೂಟರಿನಲ್ಲಿ ಅಂಕಿಗಳಾಗಿ ಕೂತಿರುವ ಹಾಡನ್ನು ಕಿವಿಗೆ ಕೇಳುವ ಶಬ್ದವಾಗಿ ಬದಲಿಸುವ ಸಾಧನ. ಕಂಪ್ಯೂಟರಿನ ಒಳಗೂ ಆ ಕೆಲಸ ನಡೆಯುತ್ತದೆ, ಆದರೆ ಅಲ್ಲಿನ ಬೇರೆ ಭಾಗಗಳ ಗದ್ದಲ ಎಷ್ಟೋ ಸಲ ಹಾಡಿಗೆ ಅಂಟಿಕೊಳ್ಳುತ್ತದೆ. ಹೊರಗೆ ಸಿಕ್ಕಿಸುವ ಡ್ಯಾಕ್ ಅದನ್ನು ತಪ್ಪಿಸುತ್ತದೆ. ಕಾಲಂಗೆಂದು ತರಿಸಿದ ಎರಡು ನನ್ನಲ್ಲಿದ್ದವು. ಒಂದು ಹೆಬ್ಬೆರಳಿನಷ್ಟು, ಅಗ್ಗದ್ದು. ಇನ್ನೊಂದು ಬೆಂಕಿಪೊಟ್ಟಣದಷ್ಟು, ನಡುಬೆಲೆಯದು. ಮೂರನೆಯದು ನನ್ನದೇ, ಒಂದು ತಿಂಗಳ ಸಂಬಳ ನುಂಗಿದ್ದ ಲೋಹದ ಪೆಟ್ಟಿಗೆ.

ಅವರನ್ನು ಕಂಪ್ಯೂಟರಿಗೆ ಬೆನ್ನು ಮಾಡಿ ಕೂರಿಸಿ, ಒಂದು, ಎರಡು, ಮೂರು ಎನ್ನುತ್ತಾ ಬದಲಿಸಿದೆ. ನಡುಬೆಲೆಯದು ಮೊದಲು, ನನ್ನ ಪೆಟ್ಟಿಗೆ ಎರಡನೆಯದು, ಅಗ್ಗದ್ದು ಕೊನೆಗೆ. ಅವರು ಕೈ ಎತ್ತಿದರು.

"ತಡೀರಿ ಸಾರ್. ಎರಡ್ನೇದು ಜೋರಾಗದೆ. ಮೂರ್ನೂ ಒಂದೇ ಸಮ ಮಾಡಿ. ನೀರು ಚಿಮುಕ್ಸಿದ ಸೊಪ್ಪು ತೂಕ ಬತ್ತದೆ, ಗುಣ ಎಲ್ಲಿಂದ ಬತ್ತದೆ?"

ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ಅಷ್ಟು ವರ್ಷ ಕಾಲಂ ಬರೆದ ನಾನು ಸದ್ದು ಸಮ ಮಾಡಿ ಒಮ್ಮೆಯೂ ಕೇಳಿರಲಿಲ್ಲ. ಕಾಫಿ ತಂದ ನನ್ನ ಹೆಂಡತಿ ನಕ್ಕಳು. "ಇನ್ಮೇಲೆ ನಿಮ್ಮ ಕಾಲಮ್ಮನ್ನ ಯಜಮಾನ್ರ ಕೈಲೇ ಬರೆಸ್ರೀ."

ಸಮ ಮಾಡಿ ಅದೇ ಕ್ರಮದಲ್ಲಿ ಮತ್ತೆ ಹಾಕಿದೆ. ಮೂರನೆಯದಕ್ಕೆ ಅವರ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಆಮೇಲೆ ತಟ್ಟನೆ ನಿಂತಿತು.

"ಇದೇ ಕಣ್ಸಾರ್. ಎರಡು ಪದದ ಮಧ್ಯ ಅಣ್ಣ 'ತಾಳ ಬುಡಬ್ಯಾಡ ಕಣ್ಲಾ' ಅಂದವ್ನೆ. ಇಷ್ಟು ವರ್ಷ ಕೇಳೇ ಇರ್ನಿಲ್ಲ ನಾನು."

ಹೆಡ್‌ಫೋನ್ ಇಸಿದುಕೊಂಡು ನಾನೂ ಕೇಳಿದೆ. ಏಕತಾರಿ, ಉಸಿರು, ಕ್ಯಾಸೆಟ್‌ನ ಸುಯ್ ಎನ್ನುವ ಸದ್ದು... ಮಾತು ಮಾತ್ರ ಇಲ್ಲ. ನನ್ನ ಪೆಟ್ಟಿಗೆಗೆ ಸಿಕ್ಕಿಸಿ ಕೇಳಿದೆ. ಅಲ್ಲೂ ಇಲ್ಲ. ಎರಡು ಕಿವಿ ನೆಟ್ಟಗಿದ್ದ ನನಗೆ ಸಿಗದ್ದು ಒಂದೇ ಕಿವಿಯ ಮನುಷ್ಯನಿಗೆ ಸಿಕ್ಕಿತ್ತು, ಅದೂ ಅಗ್ಗದ್ದರಲ್ಲಿ. ಆಗ ನನಗಾದದ್ದು ಹೊಟ್ಟೆಕಿಚ್ಚು. ಬೇರೆ ಪದ ಹುಡುಕಿದರೆ ತಪ್ಪಾಗುತ್ತದೆ.

ಅಷ್ಟರಲ್ಲಿ ಅವರು ಇತ್ತ ತಿರುಗಿದರು. ವೈರು ನನ್ನ ಪೆಟ್ಟಿಗೆಯಲ್ಲಿತ್ತು.

"ಇದೇನಾ ಮೂರ್ನೇದು?"

"ಹೂಂ ಯಜಮಾನ್ರೇ," ಅಂದೆ.

"ದುಬಾರೀದಲ್ವಾ ಇದು?"

"ಹೂಂ."

ಪೆಟ್ಟಿಗೆಯ ಮೇಲೆ ಬೆರಳಾಡಿಸಿದರು. ನನ್ನ ಮುಖ ನೋಡಿದರು. "ಅಂಗಾದ್ರೆ ಬುಡಿ ಸಾರ್, ನಮಗೆಟುಕೋದಲ್ಲ," ಎಂದು ಕಾಫಿ ಕುಡಿದು ಹೋದರು.

ಮರುವಾರದ ಕಾಲಂನಲ್ಲಿ ನನ್ನ ಪೆಟ್ಟಿಗೆಯನ್ನೇ ಹೊಗಳಿದೆ. 'ಸೂಕ್ಷ್ಮ ಕಿವಿಯ ಹಿರಿಯರೊಬ್ಬರೂ ಇದನ್ನೇ ಆರಿಸಿದರು' ಎಂಬ ಸಾಲನ್ನೂ ಸೇರಿಸಿದೆ. ಗೊತ್ತಿದ್ದೂ ನಾನು ಅಚ್ಚಿಗೆ ಕೊಟ್ಟ ಒಂದೇ ಸುಳ್ಳು ಅದು. ಅವರ ಮನೆಗೆ ಬರುತ್ತಿದ್ದುದೂ ನಮ್ಮ ಪತ್ರಿಕೆಯೇ.

ನಿಜ ಹೇಳಬೇಕೆಂದು ಎಷ್ಟೋ ಸಲ ಕಾಂಪೌಂಡಿನವರೆಗೆ ಹೋಗಿ ಬಂದೆ. ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಹೇಳಿಯೇಬಿಟ್ಟೆ. ಅವರು ಕಿವಿಗೆ ಕೈ ಹಿಡಿದು "ಆಂ?" ಎಂದರು. ಇನ್ನೊಮ್ಮೆ ಹೇಳಿದೆ. "ಆಂ?" ಕೂಗಿ ಹೇಳುವ ಧೈರ್ಯ ನನಗಾಗಲಿಲ್ಲ. ಊಟ ಆಯ್ತಾ ಎಂದು ಕೈಸನ್ನೆ ಮಾಡಿ ಒಳಗೆ ಬಂದೆ...

"ಅಳಿಯನ್ ಜೊತೆ ಮೈಸೂರ್ಗೋಗಿ, ಅಂಗ್ಡೀಲಿ ಒಂದೊಂದೇ ಆಕ್ಕಂಡು ಕೇಳಿ ಇದ್ನ ತಂದ್ರು," ಎಂದರು ಪಕ್ಕದ ಮನೆಯಾಕೆ, ಕಳೆದ ವಾರ ಡಬ್ಬಿ ನನ್ನ ಕೈಗೆ ಬಂದ ಮೇಲೆ. "ನಿಮ್ಮನೇಗೆ ಬಂದೋಗಿ ಏಳು ತಿಂಗ್ಳಾಗಿತ್ತೇನೋ. ಹತ್ತು ದಿಸ ಕೇಳಿದ್ರು ಅಷ್ಟೆಯ. ಆಮೇಲೆ ಕಿವೀನೇ ಓಯ್ತಲ್ಲ."

ಒಳಗೆ ಬಂದು ಮುಚ್ಚಳ ತೆಗೆದೆ. ಅದೇ ಮಾದರಿಯ, ಹೆಬ್ಬೆರಳಿನಷ್ಟು ಅಗ್ಗದ ಡ್ಯಾಕ್. ಅದರ ಮೇಲೆ ಮಡಿಸಿಟ್ಟ ಒಂದು ಕರಿ ಎಲೆ. ಚೀಟಿ ಇರಲಿಲ್ಲ.

ಅವರ ಅಣ್ಣನ ತತ್ವಪದಗಳು ಇನ್ನೂ ನನ್ನ ಕಂಪ್ಯೂಟರಿನಲ್ಲಿವೆ. ನಿನ್ನೆ ಮಧ್ಯಾಹ್ನ ಅವರ ಡ್ಯಾಕ್ ಸಿಕ್ಕಿಸಿ ಮೊದಲಿಂದ ಕೊನೆಯವರೆಗೆ ಕೇಳಿದೆ. ಆ ಮಾತು ಸಿಗಲಿಲ್ಲ. ತೀರಿಹೋದವರ ಮೇಲೂ ಹೊಟ್ಟೆಕಿಚ್ಚು ಉಳಿಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಯಾವ ಎರಡು ಪದಗಳ ನಡುವೆ ಎಂದು ಕೇಳೋಣವೆಂದರೆ ಕಾಂಪೌಂಡಿನ ಆಚೆ ಅವರಿಲ್ಲ.

ಎಲೆ ಕೀಬೋರ್ಡಿನ ಪಕ್ಕದಲ್ಲಿದೆ. ಇದೇನಾ ಮೂರನೆಯದು ಎಂದು ಅಂದು ನೀವು ಕೇಳಿದ್ದಕ್ಕೆ ಉತ್ತರ ಇಂದು ಬರೆಯುತ್ತಿದ್ದೇನೆ ಯಜಮಾನರೇ. ಮೂರನೆಯದು ಅಗ್ಗದ್ದು.