ನಾಲ್ಕನೇ ಜ್ವರ ಮತ್ತು ಒಂದು ರಷ್ಯನ್ ಕಾದಂಬರಿ

ಬಾಡಿಗೆ ಮನೆಗೆ ಬಂದ ದಿನವೇ ಮನೆಯೊಡತಿ ನಾರಾಯಣಮ್ಮ ನನ್ನ ತಲೆ ಮೂಸಿ ನೋಡಿದರು. ಆಮೇಲೆ ಅಂಗೈ ಮೂಸಿದರು. "ಘಮಘಮ ಎಣ್ಣೆ ಬ್ಯಾಡ ಟೀಚರಮ್ಮ, ಪೌಡರ್ ಬ್ಯಾಡ, ಮಲ್ಲಿಗೆ ಹೂವಂತೂ ಬ್ಯಾಡ್ವೇ ಬ್ಯಾಡ. ಹುಳ ತಡಿಯಲ್ಲ" ಎಂದರು. ಗದಗಿನಿಂದ ಇಷ್ಟು ದೂರ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಬಂದವಳನ್ನು ಹೀಗೆ ಮೂಸಿದರೆ ಯಾರಿಗೆ ಸಿಟ್ಟು ಬರುವುದಿಲ್ಲ? ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬಳಗದವರಾದ ನಿಮಗೆ ಗೊತ್ತಲ್ಲ.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾದ ವರ್ಷ ಇದು. ನನಗೆ ಸಿಕ್ಕಿದ್ದು ದಿಬ್ಬೂರಹಳ್ಳಿ. ನನ್ನ ಕೋಣೆಯ ಗೋಡೆಯಾಚೆಗೇ ರೇಷ್ಮೆಹುಳು ಸಾಕುವ ಮನೆ. ನಮ್ಮಲ್ಲಿ ಯಾರೇ ಬಂದರೂ ಮೊದಲ ಮಾತು "ಒಳಗ ಬರ್ರಿ". ಇಲ್ಲಿ ಮೊದಲ ಮಾತು "ಅಲ್ಲೇ ನಿಲ್ಲಿ". ಕಾಲು ತೊಳೆದು, ರೋಗ ಬಾರದಂತೆ ಹೊಸಿಲಿಗೆ ಹಾಕಿದ ಸುಣ್ಣ ಮೆಟ್ಟಿದ ಮೇಲೂ ಒಳಗೆ ಬಿಡುವುದು ಅವರ ಮರ್ಜಿ. ರೊಟ್ಟಿ ಮರೆತು ಮುದ್ದೆ ನುಂಗುವುದನ್ನು ಒಂದು ತಿಂಗಳಲ್ಲಿ ಕಲಿತೆ. ಆ ಹುಳದ ಮನೆಗೆ ಕಾಲಿಡಲು ಮೂರು ತಿಂಗಳೂ ಸಾಲಲಿಲ್ಲ.

ಇಷ್ಟರಲ್ಲಿ ನಿಮ್ಮ ಕಾಗದ ಬಂತು. ನಮ್ಮ ಓದುಗರ ಬಳಗ ಹುಟ್ಟಿದ್ದೇ ಆ ಹಳೆಯ ರಷ್ಯನ್ ಕಾದಂಬರಿಯಿಂದ, ಬಳಗದ ಪತ್ರಿಕೆಯ ವಿಶೇಷ ಸಂಚಿಕೆಗೆ ಅದರ ಮೇಲೆ ನೀನೇ ಬರೆಯಬೇಕು ಎಂದಿರಿ. ನಿಜ, ನಾನು ವಿಜ್ಞಾನ ಓದಿದ್ದೂ ಅದರಿಂದಲೇ. ಪುಸ್ತಕವನ್ನು ಜೊತೆಗೇ ತಂದಿದ್ದೆ. ನಾರಾಯಣಮ್ಮ ಜಗಲಿಯಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚುವಾಗ ಕಥೆ ಹೇಳುತ್ತಿದ್ದೆ: ವಿಜ್ಞಾನಿಯೊಬ್ಬ ಕತ್ತಲ ಗ್ರಹಕ್ಕೆ ಹೋಗುತ್ತಾನೆ, ಬರೆಯಲೆಂದು ದೀಪ ಹಚ್ಚುತ್ತಾನೆ, ಬೆಳಕನ್ನೇ ಕಾಣದ ಅಲ್ಲಿನ ಜೀವಗಳು ಅದರಿಂದಲೇ ಸಾಯುತ್ತವೆ. ಅವನ ದುಃಖಕ್ಕೆ ನಾವೆಲ್ಲ ಎಷ್ಟು ಅತ್ತಿದ್ದೇವೆ!

ರೇಷ್ಮೆಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ದಾಟಿದರೆ ವಾರವೆಲ್ಲ ತಿಂದು ಗೂಡು ಕಟ್ಟುತ್ತದೆ. ಹಿಂದಿನ ಬೆಳೆ ರೋಗಕ್ಕೆ ಹೋಗಿತ್ತು. ಇದೂ ಹೋದರೆ ಹುಳ ಸಾಕುವುದನ್ನೇ ಬಿಟ್ಟು ತವರಿಗೆ ಹೋಗುತ್ತೇನೆ ಎಂದಿದ್ದರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಎಲ್ಲವನ್ನೂ ನಡೆಸುತ್ತಿದ್ದ ನಾರಾಯಣಮ್ಮ.

ಹುಳಗಳು ನಾಲ್ಕನೇ ಜ್ವರದಿಂದ ಏಳುತ್ತಿದ್ದ ಸಂಜೆ ನನಗೆ ಸೊಳ್ಳೆ ಕಾಟ. ಸೊಳ್ಳೆಬತ್ತಿ ಹಚ್ಚಿ ಕಿಟಕಿಯಲ್ಲಿಟ್ಟು ನಿಮ್ಮ ಲೇಖನಕ್ಕೆ ಕೂತೆ. ದೀಪ ಹಚ್ಚಿದವನ ಬಗ್ಗೆ ಐದು ಸಾಲು ಬರೆದಿದ್ದೆನೇನೋ, ಗೋಡೆಯಾಚೆಯಿಂದ "ಪೊಗ! ಪೊಗ!" ಎಂಬ ಕೂಗು. ತೆಲುಗಿನಲ್ಲಿ ಹೊಗೆಗೆ ಹಾಗೆನ್ನುತ್ತಾರೆ. ಗಾಬರಿಯಾದರೆ ಇಲ್ಲಿಯವರ ಬಾಯಲ್ಲಿ ತೆಲುಗು ಬರುತ್ತದೆ. ನಾರಾಯಣಮ್ಮ ಓಡಿಬಂದು ಉರಿಯುತ್ತಿದ್ದ ಬತ್ತಿಯನ್ನು ಬರಿಗೈಯಲ್ಲಿ ಹಿಡಿದು ಬಕೆಟ್ಟಿಗೆ ಅದ್ದಿದರು. "ಏನ್ ಮಾಡ್ಬಿಟ್ಟೆ ತಾಯಿ!"

ಹುಳದ ಮನೆಯ ಕಿಟಕಿಯ ಜಾಲರಿಯಿಂದ ಇಣುಕಿದೆ. ನನ್ನ ಗೋಡೆಗೆ ಹತ್ತಿದ, ತಟ್ಟೆಗಳನ್ನು ಜೋಡಿಸಿದ ಎರಡು ಅಟ್ಟಣೆಗಳಲ್ಲಿ ಹುಳಗಳು ತಲೆಯೆತ್ತಿ ಒದ್ದಾಡುತ್ತ ಹಸಿರು ಕಾರುತ್ತಿದ್ದವು. ಸೊಳ್ಳೆ ಸಾಯುವ ಹೊಗೆಗೆ ಇವೂ ಸಾಯುತ್ತವೆಂದು ವಿಜ್ಞಾನ ಕಲಿಸುವ ನನಗೆ ಹೊಳೆಯಬೇಡವೇ?

"ಅಕ್ಕಾರ, ನಾ ಏನ್ ಮಾಡ್ಲಿರೀ?"

"ಅಲ್ಲೇ ನಿಂತ್ಕೊ. ಒಳಕ್ಕೆ ಬರ್ಬೇಡ."

ಬೆಳಿಗ್ಗೆ ಆ ಎರಡೂ ಅಟ್ಟಣೆ ಪೂರ್ತಿ ಹೋಗಿದ್ದವು. ಉಳಿದವಕ್ಕೆ ಅವರು ಸೊಪ್ಪು ಹಾಕಿದರು. ಹೊಸಿಲ ಈಚೆ ನಾನು, ಆಚೆ ಅವರು, ಇಬ್ಬರೂ ಹುಳ ಮೇಯುತ್ತಿವೆಯೇ ಎಂದು ಕಿವಿಗೊಟ್ಟೆವು. ಸದ್ದಿಲ್ಲ. ಬಹಳ ಹೊತ್ತು ಸದ್ದಿಲ್ಲ. ಆಮೇಲೆ ಮೂಲೆಯ ತಟ್ಟೆಯಲ್ಲಿ ಸಣ್ಣಗೆ ಮೇಯುವ ಸದ್ದು, ಪಕ್ಕದಲ್ಲೂ, ಅದರಾಚೆಯೂ. ನಾನು ಅತ್ತುಬಿಟ್ಟೆ. ನಾರಾಯಣಮ್ಮ ಪೊರಕೆ, ಮಂಕರಿ ಕೊಟ್ಟು, "ಕಾಲ್ ತೊಳ್ಕೊಂಡು ಬಾ, ಸತ್ತಿರೋವನ್ನ ಎತ್ತಾಕು" ಎಂದರು. ನಾನು ಮೊದಲ ಸಲ ಒಳಗೆ ಹೋದದ್ದು ಹಾಗೆ.

ಗುಂಡಿಗೆ ಸುರಿದು ಸುಣ್ಣ ಹಾಕುವಾಗ ಕೇಳಿದರು: "ನಿನ್ ಕತೇಲಿ ದೀಪ ಹಚ್ಚಿದ್ನಲ್ಲ, ಆಮೇಲೇನ್ ಮಾಡ್ದ ಅವ್ನು?"

"ಅತ್ನರೀ. ತಿರುಗಿ ತನ್ನ ಊರಿಗೆ ಹೋಗಿ ಎಲ್ಲಾ ಬರದಿಟ್ನರೀ."

"ಹೊಂಟೋದ್ನಾ? ಮತ್ತೆ ಸತ್ತೋರನ್ನ ಎತ್ತಾಕಿದ್ದು ಯಾರು?"

ಅಷ್ಟು ದಪ್ಪ ಪುಸ್ತಕದಲ್ಲಿ ಅದಕ್ಕೊಂದು ಸಾಲೂ ಇಲ್ಲ. ಇಷ್ಟು ವರ್ಷ ಮೆಚ್ಚಿ ಓದಿದ ನಾವು ಯಾರೂ ಕೇಳಲಿಲ್ಲ. ನಾಚಿಕೆಯಾಯಿತು. ನೀವು ಕೇಳಿದ ಲೇಖನ ಹರಿದುಹಾಕಿದೆ, ಅದರ ಬದಲು ಇದು.

ಉಳಿದ ಹುಳ ಗೂಡು ಕಟ್ಟಿದವು, ನಾರಾಯಣಮ್ಮ ಮುಂದಿನ ಬೆಳೆಗೆ ಅಣಿಯಾಗಿದ್ದಾರೆ. ಬೇಸಿಗೆ ರಜೆಗೆ ಇಲ್ಲಿಗೆ ಬರುತ್ತೇವೆ ಎಂದಿದ್ದೀರಿ. ಬನ್ನಿ. ಬಾಗಿಲಲ್ಲಿ ತಡೆದು ನಿಮ್ಮ ತಲೆ ಮೂಸುವವಳು ನಾನೇ, ಬೇಜಾರು ಮಾಡಿಕೊಳ್ಳಬೇಡಿ. ನೀವು ಬಂದ ದಿನ ನಾಲ್ಕನೇ ಜ್ವರವಿದ್ದರೆ ಮಾತ್ರ ನಾರಾಯಣಮ್ಮ ನನ್ನನ್ನೂ ಒಳಗೆ ಬಿಡುವುದಿಲ್ಲ, ನಾನೂ ನಿಮ್ಮ ಜೊತೆ ಹೊರಗೇ ನಿಲ್ಲಬೇಕು.