ಬೆಳ್ಳಿಗಾಗಿ ತೊಳೆದ ಮುಖ

ಬೆಳಗಿನ ಐದೂವರೆ. ನೆಲಮಾಳಿಗೆಯ ಬಾಗಿಲು ತೆರೆದೊಡನೆ ಹುಳಿ ವಾಸನೆ ಮೂಗಿಗೆ ರಪ್ಪನೆ ಬಡಿಯುತ್ತದೆ. ಹಳೆಯ ಫಿಲಂ ಕೊಳೆಯುವ ವಾಸನೆ. ಎಲ್ಲರೂ ರೀಲಮ್ಮ ಎಂದೇ ಕರೆಯುವ ಹೆಂಗಸು ಮೂಗಿಗೆ ಬಟ್ಟೆ ಕಟ್ಟಿ ಡಬ್ಬಿಯ ಮುಚ್ಚಳ ಎಬ್ಬಿಸುತ್ತಾರೆ. ಸುರುಳಿ ಗೋಂದಿನಂತೆ ಅಂಟಿಕೊಂಡಿದೆ. "ಇದು ಆಗ್ಲೇ ಜೀವ ಬಿಟ್ಟಿದೆ," ಎಂದು ನನಗೆ ತೋರಿಸಿ ಪಕ್ಕಕ್ಕಿಡುತ್ತಾರೆ.

ಅಪರೂಪದ ವೈಜ್ಞಾನಿಕ ಕಾಲ್ಪನಿಕ ಚಿತ್ರಗಳ ತುಣುಕು, ಪೋಸ್ಟರುಗಳನ್ನು ಸ್ಕ್ಯಾನ್ ಮಾಡಿ ಆನ್‌ಲೈನ್ ಸಂಗ್ರಹಕ್ಕೆ ಏರಿಸುವುದು ಅರವತ್ತೊಂದರ ರೀಲಮ್ಮನ ಕೆಲಸ. ದಿನಕ್ಕೆ ಆರುನೂರು ಫ್ರೇಮು. ತಗಡಿನ ರಾಕೆಟ್ಟು, ದಾರಕ್ಕೆ ತೂಗುಬಿಟ್ಟ ಚಂದ್ರ. ಯಾವ ಮೂಲೆಯಲ್ಲಿ ಕೂತವರೂ ಬಿಟ್ಟಿಯಾಗಿ ನೋಡಬಹುದು. ನೋಡುವವರಿಗೆ ಇವರಾರೆಂದು ಗೊತ್ತಿಲ್ಲ.

ಗೊತ್ತಾಗದಿರಲಿ ಎಂದೇ ಇವರೂ ಬಯಸಿದ್ದರು. ಇದಕ್ಕೆ ಮೊದಲು, ಗಂಡ ಹಾಸಿಗೆ ಹಿಡಿದ ಕಾಲದಲ್ಲಿ, ಹನ್ನೊಂದು ವರ್ಷ ದುಡಿದದ್ದು ಹಳೆಯ ಫಿಲಂನಿಂದ ಬೆಳ್ಳಿ ತೆಗೆಯುವ ಕಾರ್ಖಾನೆಯಲ್ಲಿ. ರಾಸಾಯನಿಕದಲ್ಲಿ ಅದ್ದಿದರೆ ಚಿತ್ರ ಅಳಿದು ಬೆಳ್ಳಿ ಸಿಗುತ್ತಿತ್ತು. "ದಿನಕ್ಕೆ ನಲವತ್ತು ಡಬ್ಬಿ ತೊಳೀತಿದ್ದೆ. ಅದ್ದೋ ಮೊದ್ಲು ಬೆಳಕಿಗೆ ಹಿಡಿದು ನೋಡೋ ಚಟ. 'ಸಿನಿಮಾ ನೋಡೋಕೆ ಬಂದಿದೀಯಾ?' ಅಂತ ಮೇಸ್ತ್ರಿ ಬೈತಿದ್ದ." ಅವರ ಉಗುರುಗಳು ಇಂದಿಗೂ ನೆಟ್ಟಗೆ ಬೆಳೆಯುವುದಿಲ್ಲ.

ಕಳೆದ ವರ್ಷ ಸಂಗ್ರಹಕ್ಕೆ ಒಬ್ಬ ಶಿಕ್ಷಕಿಯ ಪತ್ರ ಬಂತು. ಅವರ ಅಪ್ಪ ನಟಿಸಿದ್ದು ಒಂದೇ ಚಿತ್ರದಲ್ಲಿ, ರೋಬೋಟ್ ವೇಷದೊಳಗೆ. ಕೊನೆಯ ದೃಶ್ಯದಲ್ಲಿ ಮಾತ್ರ ಮುಖವಾಡ ತೆಗೆಯುತ್ತಾರಂತೆ. ಮಗಳು ಹುಟ್ಟುವ ಮೊದಲೇ ತೀರಿಕೊಂಡರು. ಮನೆಯಲ್ಲಿ ಒಂದು ಫೋಟೊ ಕೂಡ ಇಲ್ಲ. ಚಿತ್ರ ಸಿಗಬಹುದೇ?

ಚಿತ್ರದ ಹೆಸರು ಓದಿದೊಡನೆ ರೀಲಮ್ಮನಿಗೆ ಆ ಡಬ್ಬಿ ನೆನಪಾಯಿತು. ನಾಲ್ಕು ದಿನ ಊಟ ಸೇರಲಿಲ್ಲ. ಐದನೆಯ ದಿನ ಬರೆದರು: "ಸಿಗಲ್ಲಮ್ಮ. ಅದನ್ನ ತೊಳೆದೋಳು ನಾನೇ."

ಬೈಗುಳಕ್ಕೆ ಕಾದರು. ಬಂದದ್ದು ಒಂದೇ ಸಾಲು: "ತೊಳೆಯೋ ಮೊದ್ಲು ನೋಡಿದ್ರಾ?"

ನೋಡಿದ್ದರು. ನೆನಪಿದ್ದಷ್ಟನ್ನು ಬರೆದು ಕಳಿಸಿದರು: ಅಗಲ ಹಣೆ, ಬೆವರಿಗೆ ಅಂಟಿದ ಕೂದಲು, ಒಂದು ಕೆನ್ನೆಯಲ್ಲಿ ಗುಳಿ. ಆ ಚಿತ್ರದ ಪುಟದಲ್ಲಿ ಈಗ ಇರುವುದು ಆ ಆರು ಸಾಲುಗಳೇ, ಮೇಲೆ 'ತೊಳೆದವರ ಹೇಳಿಕೆ' ಎಂಬ ತಲೆಬರಹ. ತಾವು ತೊಳೆದ ಬೇರೆ ಚಿತ್ರಗಳದ್ದೂ ಸೇರಿ ಅಂಥ ಪುಟಗಳು ಹದಿನೇಳಾಗಿವೆ. ಸಹೋದ್ಯೋಗಿಗಳಲ್ಲಿ ಇಬ್ಬರು ಅಂದಿನಿಂದ ಇವರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟಿದ್ದಾರೆ.

ಆ ಮುಖ ಸರಿಯಾಗಿ ನೆನಪಿದೆಯೇ ಎಂದು ಕೇಳುತ್ತೇನೆ. ರೀಲಮ್ಮ ಮೂಗಿಗೆ ಕಟ್ಟಿದ ಬಟ್ಟೆ ಬಿಚ್ಚುತ್ತಾರೆ.

"ಗುಳಿ ಎಡಗಡೆನೋ ಬಲಗಡೆನೋ, ಆಣೆ ಮಾಡಿ ಹೇಳೋಕಾಗಲ್ಲ. ಎಲ್ಲಾದ್ರೂ ಇನ್ನೊಂದು ಪ್ರತಿ ಸಿಗ್ಲಿ. ನಾನು ಬರೆದಿದ್ದೆಲ್ಲ ಸುಳ್ಳು ಅಂತಾಗ್ಲಿ. ಅಷ್ಟಾದ್ರೆ ಸಾಕು."